ಮೂರು-ನಾಲ್ಕು ವರ್ಷದ ಮಕ್ಕಳ ಕೈಲಿ ಈಸ್ಟರ್‌ಗೆ ಏನು ಮಾಡಿಸಬಹುದು?

ಮೊಟ್ಟೆಗೆ ಬಣ್ಣ ಹಾಕಿಸಿ. ಅಂಗಡಿಯ ಬಣ್ಣ ಬೇಡ, ಅಡುಗೆಮನೆಯಲ್ಲಿ ಸಿಗೋದೇ ಸಾಕು.

ಬಿಳಿ ಮೊಟ್ಟೆಗಳನ್ನು 10-12 ನಿಮಿಷ ಬೇಯಿಸಿ ಆರಲು ಬಿಡಿ. ನೇರಳೆ ಬಣ್ಣದ ಎಲೆಕೋಸನ್ನು ಹೆಚ್ಚಿ, ಅರ್ಧ ಗಂಟೆ ಕುದಿಸಿ, ಸೋಸಿ ಆರಿಸಿ. ಸೋಸಿದ ಬಣ್ಣದ ನೀರು ಒಂದು ಕಪ್ಪಿಗೆ ಒಂದು ದೊಡ್ಡ ಚಮಚ ವಿನೆಗರ್ ಸೇರಿಸಿ. ಅದರ ಹುಳಿ ಚಿಪ್ಪಿನ ಮೇಲ್ಪದರವನ್ನು ತುಸು ಕರಗಿಸುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಇಷ್ಟು ದೊಡ್ಡವರ ಕೆಲಸ.

ಈಗ ಮಗುವಿಗೆ ಬಿಳಿ ಮೇಣದ ಕ್ರೇಯಾನ್ ಕೊಡಿ. ಮೊಟ್ಟೆಯ ಮೇಲೆ ಏನು ಬೇಕಾದರೂ ಗೀಚಲಿ, ಆಗ ಏನೂ ಕಾಣಿಸೋದಿಲ್ಲ. ಬಣ್ಣದ ನೀರಲ್ಲಿ ಮುಳುಗಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ತೆಗೆದರೆ ನೇರಳೆ ನೀರಿನಿಂದ ನೀಲಿ ಮೊಟ್ಟೆ! ಮೇಣ ಇದ್ದ ಕಡೆ ಬಣ್ಣ ಹಿಡಿದಿರೋದಿಲ್ಲ, ನಿನ್ನೆ ಗೀಚಿದ ಗೆರೆಯೆಲ್ಲ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗಳಿಗೆಯಲ್ಲಿ ಮಗುವಿನ ಮುಖ ನೋಡಬೇಕು ನೀವು.

ಅಷ್ಟು ಹೊತ್ತು ಕಾಯಲ್ಲ ಅಂದರೆ ಅರಿಶಿನ ಅಥವಾ ಈರುಳ್ಳಿ ಸಿಪ್ಪೆ ಕುದಿಸಿ. ಮೊದಲನೆಯದು ಹಳದಿ, ಎರಡನೆಯದು ಕಿತ್ತಳೆ-ಕಂದು. ಅರಿಶಿನ ಬಟ್ಟೆಗೂ ಹಿಡಿಯುತ್ತದೆ ಅಲ್ವಾ, ಹಳೇ ಅಂಗಿ ಹಾಕಿ ಕೂರಿಸಿ.

ಅಂಟಿಸುವ ಸಣ್ಣ ಮಣಿ, ಪ್ಲಾಸ್ಟಿಕ್ ಕಣ್ಣು ಮಾತ್ರ ಬೇಡ, ಈ ವಯಸ್ಸಿನವರು ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ತಿನ್ನೋದಾದರೆ ಮೊಟ್ಟೆಯನ್ನು 2 ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ.