ಹೆರಿಗೆಯಾದ ಮೇಲೆ ಆಸ್ಪತ್ರೆಯಲ್ಲಿ ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ?

ನಿಮ್ಮ ಹೆಂಡತಿಗೆ ಮುಂದಿನ ತಿಂಗಳು ಕಲಬುರಗಿಯಲ್ಲಿ ಹೆರಿಗೆ. ಹಿಂದೆ ನಿಮ್ಮ ತಂಗಿ ಹೆರಿಗೆಯಾದ ದಿನವೇ ಆಸ್ಪತ್ರೆಯ ಬಾತ್‌ರೂಮಿನಲ್ಲಿ ಬಿದ್ದಿದ್ದರು. ಬೆಡ್ಡಿಗೆ ಕಂಬಿ ಇದ್ದರೆ ಸಾಕಾ, ಮನೆಯವರು ಏನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ನಾನು ಇದೇ ಊರಿನ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಕಂಬಿ ಬೇಕು, ಆದರೆ ಅದೊಂದೇ ಸಾಲದು. ಹೆರಿಗೆ ಟೇಬಲ್ ಮೇಲಿದ್ದಾಗ ನಾವು ಪಕ್ಕದಲ್ಲೇ ಇರುತ್ತೇವೆ. ನನಗೆ ಜಾಸ್ತಿ ಭಯ ಆಗುವುದು ಬಾಣಂತಿ ಮೊದಲ ಸಲ ಎದ್ದು ಬಾತ್‌ರೂಮಿಗೆ ಹೊರಟಾಗ. ನಾರ್ಮಲ್ ಹೆರಿಗೆಯಲ್ಲೂ ಅರ್ಧ ಲೀಟರ್‌ವರೆಗೆ ರಕ್ತ ಹೋಗಿರಬಹುದು. ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿರುವುದಿಲ್ಲ. ಗಂಟೆಗಟ್ಟಲೆ ಮಲಗಿದವಳು ದಿಢೀರನೆ ನಿಂತರೆ ರಕ್ತ ಕಾಲಿಗಿಳಿದು ಬಿಪಿ ಕುಸಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಮೊದಲೇ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದವರಿಗೆ ಇದು ಇನ್ನೂ ಬೇಗ ಆಗುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆವರಿನಲ್ಲೇ ಎಷ್ಟೋ ನೀರು ಹೋಗಿರುತ್ತದೆ.

"ನನಗೇನ್ ಆಗಿಲ್ರಿ ಸಿಸ್ಟರ್, ನಾ ಒಬ್ಬಾಕೇನೇ ಹೋಗ್ತೀನಿ" ಅನ್ನುವವರು ಬಹಳ. ಸಂಕೋಚ ಅದು. ಆ ಮಾತು ಕೇಳಿ ದಯವಿಟ್ಟು ಬಿಡಬೇಡಿ. ಮೊದಲು ಸಿಸ್ಟರ್‌ನ ಕರೆಯಿರಿ. ಬೆಡ್ಡಿನ ಅಂಚಿಗೆ ಕಾಲು ಇಳಿಬಿಟ್ಟು ಐದಾರು ನಿಮಿಷ ಕೂರಿಸಿ, ಪಾದ ಆಡಿಸಲು ಹೇಳಿ. ತಲೆ ತಿರುಗದಿದ್ದರೆ ನಿಲ್ಲಿಸಿ, ಸ್ವಲ್ಪ ಹೊತ್ತು ಅಲ್ಲೇ ನಿಂತಿರಲಿ, ಆಮೇಲೆ ಎರಡೂ ಕಡೆ ಒಬ್ಬೊಬ್ಬರು ಹಿಡಿದು ನಡೆಸಿ. ಬಾತ್‌ರೂಮಿನಲ್ಲಿ ಒಳಗಿನ ಚಿಲಕ ಹಾಕಬಾರದು. ಜೊತೆಗಿರುವ ಹೆಂಗಸು ಒಳಗೇ ನಿಲ್ಲಬೇಕು. ಕುಕ್ಕರುಗಾಲಿನಲ್ಲಿ ಕೂತು ಏಳುವಾಗ ಎರಡನೇ ಸಲ ಬಿಪಿ ಇಳಿಯುತ್ತದೆ, ಎಷ್ಟೋ ಜನ ಕುಸಿಯುವುದು ಆ ಗಳಿಗೆಯಲ್ಲೇ. ನೈಟಿ ಪಾದಕ್ಕೆ ಸಿಕ್ಕದಷ್ಟು ಮೇಲಿರಲಿ. ಸವೆದ ಹವಾಯಿ ಚಪ್ಪಲಿ ಬೇಡ.

ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕಾಲಿಗೆ ಬಲ ಬರಲು ಕೆಲವು ಗಂಟೆ ಬೇಕು. ಬೆರಳು ಆಡಿಸಿದಳು ಅಂತ ಎಬ್ಬಿಸಬೇಡಿ. ತೊಡೆಯಲ್ಲಿ ಇನ್ನೂ ಶಕ್ತಿ ಬಂದಿರುವುದಿಲ್ಲ. ಎರಡೂ ಮಂಡಿ ಮಡಚಿ, ಎರಡೂ ಕಾಲು ಒಂದೊಂದಾಗಿ ನೆಟ್ಟಗೆ ಎತ್ತಲು ಆಗಬೇಕು. ಆಮೇಲೂ ಸಿಸ್ಟರ್ ಹೇಳದೆ ಇಳಿಸಬೇಡಿ. ಬಿಪಿ ಜಾಸ್ತಿಯಾಗಿ ಫಿಟ್ಸ್ ತಡೆಯಲು ಮ್ಯಾಗ್ನೀಸಿಯಂ ಕೊಟ್ಟಿದ್ದರೂ ಹೀಗೇ, ಅದರಿಂದ ಮಂಪರು ಬರುತ್ತದೆ, ಸ್ನಾಯು ಸಡಿಲವಾಗುತ್ತದೆ.

ಹೆರಿಗೆಗೆ ಮುಂಚೆ ಓಡಾಡುವುದು ಒಳ್ಳೆಯದೇ, ಹೆದರಿ ಮಲಗಿಸಿಬಿಡಬೇಡಿ. ನೋವು ಬಂದಾಗ ನಿಂತು ಗೋಡೆಯನ್ನೋ ನಿಮ್ಮ ಅತ್ತೆಯ ಭುಜವನ್ನೋ ಹಿಡಿಯಲಿ. ನೀರು ಒಡೆದು ನೆಲಕ್ಕೆ ಬಿದ್ದರೆ ಆಯಾ ಬರುವವರೆಗೂ ಕಾಯದೆ ಮೇಲೆ ಬಟ್ಟೆ ಹಾಕಿ. ನೋವು ಕಡಿಮೆಯಾಗಲು ಇಂಜೆಕ್ಷನ್ ಕೊಟ್ಟಿದ್ದರೆ, ನಡೆಸುವ ಮುಂಚೆ ಸಿಸ್ಟರ್‌ನ ಕೇಳಿ.

ಅಡ್ಮಿಟ್ ಆಗುವಾಗಲೇ ಜೊತೆಗೆ ಒಬ್ಬ ಹೆಂಗಸನ್ನು ಬಿಡಿ ಅಂತ ಕೇಳಿ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ತಂದ 'ಲಕ್ಷ್ಯ' ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಇದಕ್ಕೆ ಅವಕಾಶ ಇರಬೇಕು. ರಾತ್ರಿ ಮೂರಕ್ಕೆ ಎದ್ದರೂ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಬೇಕು ಅಂತ ನಿಮ್ಮ ಹೆಂಡತಿಗೆ ಈಗಲೇ ಹೇಳಿಡಿ.

ಇನ್ನೊಂದು ಮಾತು, ಹಿರಿಯರು ಬೇಜಾರಾಗಬಾರದು. ಕೆಲವು ಮನೆಗಳಲ್ಲಿ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ. ಇದರಿಂದ ತಲೆ ತಿರುಗುವುದು ಜಾಸ್ತಿಯಾಗುತ್ತದೆ. ಡಾಕ್ಟರ್ ಬೇಡ ಅಂದಿಲ್ಲದಿದ್ದರೆ ಧಾರಾಳವಾಗಿ ಕುಡಿಯಲಿ. ಕೂಸಿಗೆ ಹಾಲು ಕುಡಿಸುತ್ತಾ ತೂಕಡಿಸಿದರೆ ಕೂಸೂ ಬೀಳಬಹುದು, ಆಗ ನೀವೇ ಎತ್ತಿಕೊಳ್ಳಿ.

ನಡೆಯುವಾಗ ಕುಸಿಯುವ ಹಾಗಾದರೆ ಹೊತ್ತು ಓಡಬೇಡಿ. ಇದ್ದಲ್ಲೇ ನಿಧಾನಕ್ಕೆ ನೆಲಕ್ಕೆ ಕೂರಿಸಿ, ಮಲಗಿಸಿ, ಜೋರಾಗಿ ಸಿಸ್ಟರ್‌ನ ಕೂಗಿ. ರಕ್ತಸ್ರಾವ ಜಾಸ್ತಿ ಇದೆಯಾ ಅಂತ ನಾವು ಮೊದಲು ನೋಡಲೇಬೇಕು. ಹೆರಿಗೆಗೆ ಮುಂಚೆ ಬಿದ್ದರಂತೂ ನೋವಿಲ್ಲದಿದ್ದರೂ ಮುಚ್ಚಿಡಬೇಡಿ. ಕೂಸಿನ ಎದೆಬಡಿತವನ್ನು ಕೆಲವು ಗಂಟೆ ಗಮನಿಸಬೇಕಾಗುತ್ತದೆ. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ನೆಗೆಟಿವ್ ಅಂತ ಇದ್ದರೆ ಅದನ್ನೂ ಆಗಲೇ ಹೇಳಿ. ಹೊಟ್ಟೆಗೆ ಪೆಟ್ಟಾಗಿದ್ದರೆ ಕೂಸಿನ ರಕ್ತ ತಾಯಿಯ ರಕ್ತಕ್ಕೆ ಸೇರಿ ತೊಂದರೆಯಾಗದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಬೇಕಾಗಬಹುದು.