ಕೆರೇಲಿ ಕಂಡಿದ್ದು ಮರಿ ಅಲ್ಲ, ಬೆಳೆದಿರೋ ಬಾತೇ

ಪ್ರಶ್ನೆ: ಸರ್, ನಮ್ದು ಬೇಲೂರು ತಾಲ್ಲೂಕು. ಊರ ಕೆರೇಲಿ ತಾವರೆ ಮಧ್ಯೆ ಪುಟಾಣಿ ಬಾತುಗಳು ಬಂದಿವೆ, ಮುಖ ಕತ್ತು ಬೆಳ್ಳಗೆ, ಕತ್ತಿನ ಬುಡದಲ್ಲಿ ಕರಿ ಪಟ್ಟಿ. ಅಪ್ಪ ಗುಳುಮುಳುಕ ಅಂತಾರೆ, ನಂಗೆ ದೊಡ್ಡ ಬಾತಿನ ಮರಿ ಅನ್ಸುತ್ತೆ. ನಿನ್ನೆ ಒಂದು ಏರಿ ಪಕ್ಕದ ಹಳೇ ಮರದ ಪೊಟರೆ ಹತ್ರ ಕೂತಿತ್ತು. ಬಾತು ಮರದ ಮೇಲೆ ಕೂರುತ್ತಾ?

ಉತ್ತರ: ಕೂರುತ್ತೆ, ಮೊಟ್ಟೆ ಇಡೋದೂ ಅಲ್ಲೇ! ನೀವು ನೋಡಿರೋದು ಕಾಟನ್ ಟೀಲ್, ಕಾಟನ್ ಪಿಗ್ಮಿ ಗೂಸ್ ಅಂತಾನೂ ಕರೀತಾರೆ. ಪ್ರಪಂಚದಲ್ಲೇ ತೀರಾ ಚಿಕ್ಕ ಬಾತುಗಳಲ್ಲಿ ಇದೂ ಒಂದು, ಉದ್ದ 30 ಸೆಂ.ಮೀ ಆಸುಪಾಸು ಅಷ್ಟೇ, ಅದಕ್ಕೇ ಮರಿ ಅನ್ಸಿರೋದು. ಕರಿ ಪಟ್ಟಿ ಇದೆ ಅಂದ್ರೆ ಅದು ಮರಿ ಮಾಡೋ ಕಾಲದ ಗಂಡು, ಬೆನ್ನ ಮೇಲೆ ಬಿಸಿಲು ಬಿದ್ರೆ ಹಸಿರು ಹೊಳಪು ಕಾಣುತ್ತೆ. ಹೆಣ್ಣು ಮಾಸಲು ಕಂದು, ಕಣ್ಣಿನ ಮೇಲೆ ಹಾದು ಹೋಗೋ ಕಪ್ಪು ಗೆರೆ ಇರುತ್ತೆ. ಕಾಲ ಮುಗಿದ್ಮೇಲೆ ಗಂಡಿನ ಬಣ್ಣನೂ ಮಾಸಿ ಹೆಣ್ಣಿನ ಥರಾನೇ ಆಗ್ಬಿಡುತ್ತೆ, ಆಗ ಹಾರೋವಾಗ ನೋಡ್ಬೇಕು, ರೆಕ್ಕೇಲಿ ಅಗಲವಾದ ಬಿಳಿ ಪಟ್ಟಿ ಕಂಡ್ರೆ ಗಂಡು, ಅಂಚಲ್ಲಿ ಮಾತ್ರ ಸಣ್ಣ ಬಿಳಿ ಗೆರೆ ಇದ್ರೆ ಹೆಣ್ಣು.

ಅಪ್ಪಂಗೆ ಹೇಳಿ, ಗುಳುಮುಳುಕದ ಕೊಕ್ಕು ಚೂಪು, ಕ್ಷಣಕ್ಕೊಂದ್ಸಲ ಮುಳುಗುತ್ತೆ. ಇದು ಮುಳುಗೋದು ಕಮ್ಮಿ, ಗಿಡ್ಡ ಕೊಕ್ಕಲ್ಲಿ ನೀರಿನ ಮೇಲಿರೋ ಬೀಜ, ಚಿಗುರು, ಹುಳ ಹೆಕ್ಕುತ್ತೆ, ಹಂಗಾಗಿ ತಾವರೆ ತುಂಬಿರೋ ಕೆರೆ ಅಂದ್ರೆ ಇದಕ್ಕೆ ಹಬ್ಬದೂಟ. ಸಿಳ್ಳೆ ಬಾತೂ ಮರದ ಮೇಲೆ ಕೂರುತ್ತೆ, ಆದ್ರೆ ಅದು ಪೂರ್ತಿ ಕಂದು, ಇದಕ್ಕಿಂತ ದೊಡ್ಡದು, ಹಾರೋವಾಗ ಸಿಳ್ಳೆ ಹಾಕುತ್ತೆ, ಕನ್ಫ್ಯೂಸ್ ಆಗಲ್ಲ.

ಇನ್ನು ಆ ಮರ. ಮಳೆಗಾಲದಲ್ಲಿ, ಸುಮಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಇಂಥ ಪೊಟರೇಲೇ ಮೊಟ್ಟೆ ಇಡೋದು, ತಾನೇ ಮರ ಕೊರೆಯೋಕೆ ಬರಲ್ಲ, ಇರೋ ಪೊಟರೇನೇ ಹುಡುಕ್ಬೇಕು. ಕೆರೆ ಅಭಿವೃದ್ಧಿ ಅಂತ ಏರಿ ಪಕ್ಕದ ಟೊಳ್ಳು ಮರಾನೆಲ್ಲ ಕಡಿದು ಹಾಕಿದ್ರೆ ನೀರಿದ್ರೂ ತಾವರೆ ಇದ್ರೂ ಈ ಬಾತಿಗೆ ಮನೆ ಇಲ್ಲ, ನನ್ನ ಕೇಳಿದ್ರೆ ಹೂಳಿಗಿಂತ ಮೊದಲು ಮರದ ಬಗ್ಗೆ ಪಂಚಾಯ್ತೀಲಿ ಮಾತಾಡಿ. ಪೊಟರೆಗೆ ಕೈ ಹಾಕೋದು, ಮೊಬೈಲ್ ತೂರಿಸೋದು ಬೇಡ, ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ. ಮೊಟ್ಟೆಯೊಡೆದ ಮರಿಗಳು ತಾವೇ ಮೇಲಿಂದ ಧುಮುಕ್ತವೆ, ಪಾಪ ಬಿದ್ದೋಯ್ತು ಅಂತ ಯಾರೂ ಎತ್ಕೊಂಡು ಮನೆಗೆ ತರ್ಬೇಡಿ, ತಾಯಿ ಅಲ್ಲೇ ಹತ್ರದಲ್ಲಿ ಕರೀತಿರುತ್ತೆ.