ಸಕಲೇಶಪುರದಿಂದ ಕ್ಯಾಲ್ಗರಿಗೆ ಹೊರಟ ತಮ್ಮನಿಗೆ: ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್ ವಿಚಾರ

ಅಣ್ಣಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನೂ ಮೂಡಿಗೆರೆ ಕಡೆಯವನೇ, ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿ ಬಹಳ ವರ್ಷ ಆಯಿತು. ಹಾಸನದ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ನೀನು ಎರಡು ವರ್ಷದ ವರ್ಕ್ ಪರ್ಮಿಟ್ ಮೇಲೆ ಇಲ್ಲಿನ ರೆಸ್ಟೋರೆಂಟಿಗೆ ಬರುತ್ತಿದ್ದೀಯ. ತಾತ್ಕಾಲಿಕವಾಗಿ ಬಂದವನಿಗೆ ಬ್ಯಾಂಕ್ ಖಾತೆ ಕೊಡ್ತಾರಾ, ಕ್ರೆಡಿಟ್ ಕಾರ್ಡ್ ಸಿಗುತ್ತಾ ಅಂತ ಕೇಳಿದ್ದೀಯ. ಜತೆಗೆ ಇನ್ನೊಂದು ಮಾತು ಬರೆದಿದ್ದೀಯ: ‘ಮೊದಲ ಆರು ತಿಂಗಳು ಖಾತೆ ಬೇಡ, ಸಂಬಳ ನಾವೇ ಇಟ್ಟುಕೊಂಡು ಬೇಕಾದಾಗ ಕೊಡ್ತೀವಿ’ ಅಂತ ಮಾಲೀಕರ ಕಡೆಯವರು ಹೇಳಿದ್ದಾರೆ ಅಂತ.

ಮೊದಲು ಆ ಕೊನೆಯ ಮಾತಿಗೇ ಬರುತ್ತೇನೆ. ಒಪ್ಪಬೇಡ. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ತಿಂಗಳಿಗೊಮ್ಮೆಯಾದರೂ ಸಂಬಳ ಕೊಡಲೇಬೇಕು, ಅದರ ಲೆಕ್ಕದ ಚೀಟಿಯನ್ನೂ ಕೊಡಬೇಕು. ನಿನ್ನ ಪಾಸ್‌ಪೋರ್ಟನ್ನಾಗಲಿ ಪರ್ಮಿಟ್ಟನ್ನಾಗಲಿ ಮಾಲೀಕ ತೆಗೆದಿಟ್ಟುಕೊಳ್ಳುವ ಹಾಗಿಲ್ಲ. ನಿನ್ನನ್ನು ಕರೆಸಿಕೊಳ್ಳಲು ಸರ್ಕಾರಕ್ಕೆ ಕಟ್ಟಿದ ಎಲ್‌ಎಂಐಎ (ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕ ಪಡೆಯುವ ಒಪ್ಪಿಗೆ) ಶುಲ್ಕವನ್ನು ನಿನ್ನ ಸಂಬಳದಲ್ಲಿ ಹಿಡಿಯುವ ಹಾಗೂ ಇಲ್ಲ. ನಿನ್ನ ಪರ್ಮಿಟ್ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ್ದು, ಅದಕ್ಕೇ ಜನ ಹೆದರಿ ಸುಮ್ಮನಿರುತ್ತಾರೆ. ಆದರೆ ಮಾಲೀಕನಿಂದ ಶೋಷಣೆ ಆಗುತ್ತಿದೆ ಅಂತ ತೋರಿಸಿಕೊಟ್ಟರೆ, ಬೇರೆ ಕಡೆ ಕೆಲಸ ಮಾಡಲು ಬಿಡುವ ಓಪನ್ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬಹುದು. 2019ರಿಂದ ಈ ವ್ಯವಸ್ಥೆ ಇದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಜಗಳ ಇಲ್ಲದೆ, ‘ಸಂಬಳ ನನ್ನ ಖಾತೆಗೇ ಹಾಕಿ’ ಅಂತ ನಯವಾಗಿ ಹೇಳು. ಹಣ ನಿನ್ನ ಹೆಸರಿನ ಖಾತೆಗೆ ಬಿದ್ದರೆ ದಾಖಲೆ ತಾನಾಗೇ ಉಳಿಯುತ್ತದೆ. ಮುಂದೆ ಮನೆ ಬಾಡಿಗೆಗೆ, ಪರ್ಮಿಟ್ ಮುಂದುವರಿಸಲು, ಎಲ್ಲಕ್ಕೂ ಅದೇ ಆಧಾರ.

ಇನ್ನು ಖಾತೆ. ಕೆಲಸ ಶುರುವಾಗಿರಬೇಕು ಅಂತಿಲ್ಲ, ಕೈಯಲ್ಲಿ ಹಣ ಇರಬೇಕು ಅಂತಲೂ ಇಲ್ಲ. ಸರಿಯಾದ ಗುರುತಿನ ಚೀಟಿ ತೋರಿಸಿದವರಿಗೆ ಬ್ಯಾಂಕುಗಳು ಖಾತೆ ತೆರೆದುಕೊಡಬೇಕು ಅಂತ ಕೆನಡಾದ ಕಾನೂನೇ ಇದೆ. ಬೇಡ ಅಂದರೆ ಅದನ್ನು ಬರವಣಿಗೆಯಲ್ಲಿ ಕೊಡಬೇಕು. ಆರ್‌ಬಿಸಿ, ಟಿಡಿ, ಸ್ಕೋಶಿಯಾ, ಬಿಎಂಒ, ಸಿಐಬಿಸಿ ಇಲ್ಲಿನ ಐದು ದೊಡ್ಡ ಬ್ಯಾಂಕುಗಳು. ಪಾಸ್‌ಪೋರ್ಟ್, ವರ್ಕ್ ಪರ್ಮಿಟ್, ಇಳಿದುಕೊಂಡಿರುವ ವಿಳಾಸ ಇಟ್ಟುಕೊಂಡು ಹೋಗು. ಹೊಸಬರಿಗೆ ಅಂತಲೇ ಯೋಜನೆ ಇರುತ್ತದೆ, ಸಾಮಾನ್ಯವಾಗಿ ಮೊದಲ ವರ್ಷ ತಿಂಗಳ ಶುಲ್ಕ ಇರುವುದಿಲ್ಲ. ವರ್ಷ ಮುಗಿದ ಮೇಲೆ ಎಷ್ಟು ಹಿಡಿಯುತ್ತೀರಿ ಅಂತ ಅಲ್ಲೇ ಕೇಳಿಬಿಡು. ತಿಂಗಳಿಗೆ 4 ಡಾಲರ್ ಮೀರದ ಸರಳ ಖಾತೆಯೂ ಇದೆ, ಅವರಾಗಿ ಹೇಳುವುದು ಕಡಿಮೆ. ದಿನದ ಖರ್ಚಿಗೆ, ಸಂಬಳಕ್ಕೆ ಬೇಕಾದದ್ದು ಚೆಕಿಂಗ್ ಖಾತೆ. ಖಾತೆ ಆದ ಕೂಡಲೇ ಸಂಬಳ ಜಮಾ ಮಾಡುವ ಫಾರ್ಮ್ ಇಳಿಸಿಕೊಂಡು ಮಾಲೀಕರಿಗೆ ಕೊಡು.

ಸೋಶಿಯಲ್ ಇನ್ಶೂರೆನ್ಸ್ ನಂಬರ್, ಇಲ್ಲಿ ಎಲ್ಲರೂ ಸಿನ್ ಅನ್ನುವುದು, ಸರ್ಕಾರದ ಸರ್ವಿಸ್ ಕೆನಡಾ ಕಚೇರಿಯಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡ. ನಿನ್ನಂತೆ ತಾತ್ಕಾಲಿಕವಾಗಿ ಬಂದವರ ನಂಬರ್ 9ರಿಂದ ಶುರುವಾಗುತ್ತದೆ, ಪರ್ಮಿಟ್ ಮುಗಿದ ದಿನವೇ ಅದರ ಅವಧಿಯೂ ಮುಗಿಯುತ್ತದೆ. ಹೊಸ ಪರ್ಮಿಟ್ ಬಂದಾಗ ಅದನ್ನು ತೋರಿಸಿ ತಾರೀಖು ಬದಲಾಯಿಸಿಕೊಳ್ಳಬೇಕು, ಬ್ಯಾಂಕಿಗೂ ತಿಳಿಸಬೇಕು. ಬಡ್ಡಿ ಬರುವ ಖಾತೆಗೆ ತೆರಿಗೆ ಲೆಕ್ಕಕ್ಕಾಗಿ ಈ ನಂಬರ್ ಕೊಡಲೇಬೇಕು, ಮಾಲೀಕನಿಗೂ ಕೊಡಬೇಕು. ಮನೆ ಬಾಡಿಗೆಗೆ ಕೊಡುವವರು ಕೇಳಿದರೆ ಕೊಡಬೇಕಾಗಿಲ್ಲ.

ಈಗ ಕಾರ್ಡ್. ‘ನನ್ನ ಸಿಬಿಲ್ ಸ್ಕೋರ್ ಚೆನ್ನಾಗಿದೆ’ ಅಂತ ಬರೆದಿದ್ದೀಯ, ಸಾಲ ತೀರಿಸುವ ರೀತಿ ನೋಡಿ ಭಾರತದಲ್ಲಿ ಕೊಡುವ ಅಂಕ ಅದು. ಸಂತೋಷ, ಆದರೆ ಅದು ತಾನಾಗೇ ನಿನ್ನ ಜತೆ ವಿಮಾನ ಹತ್ತಿ ಬರುವುದಿಲ್ಲ. ಇಲ್ಲಿ ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅಂತ ಎರಡು ಸಂಸ್ಥೆಗಳು 300ರಿಂದ 900ರವರೆಗೆ ಅಂಕ ಕೊಡುತ್ತವೆ, ಅವರ ಪುಸ್ತಕದಲ್ಲಿ ನೀನು ಇನ್ನೂ ಹುಟ್ಟೇ ಇಲ್ಲ. ಕಾನೂನು ಖಾತೆಗೆ ಹಕ್ಕು ಕೊಟ್ಟಿದೆ, ಕಾರ್ಡಿಗೆ ಕೊಟ್ಟಿಲ್ಲ. ಹೊಸಬರ ಯೋಜನೆಯಲ್ಲೇ ಸಣ್ಣ ಮಿತಿಯ ಕಾರ್ಡ್ ಕೊಟ್ಟರೆ ತೆಗೆದುಕೋ. ಕೆಲವು ಬ್ಯಾಂಕುಗಳು ಪರ್ಮಿಟ್‌ನಲ್ಲಿ ಎಷ್ಟು ತಿಂಗಳು ಉಳಿದಿದೆ ಅಂತ ನೋಡುತ್ತವೆ, ಅದಕ್ಕೇ ಬಂದ ಹೊಸದರಲ್ಲೇ ಕೇಳುವುದು ಒಳ್ಳೆಯದು. ಕೊಡದಿದ್ದರೆ ಸೆಕ್ಯೂರ್ಡ್ ಕಾರ್ಡ್ ಕೇಳು. 500 ಡಾಲರ್ ಠೇವಣಿ ಇಟ್ಟರೆ ಸುಮಾರು ಅಷ್ಟೇ ಮಿತಿಯ ಕಾರ್ಡ್ ಕೊಡುತ್ತಾರೆ, ಬಾಕಿ ಇಲ್ಲದೆ ಕಾರ್ಡ್ ಮುಚ್ಚಿದರೆ ಠೇವಣಿ ವಾಪಸ್. ಮೊದಲೇ ದುಡ್ಡು ತುಂಬಿಸಿ ಬಳಸುವ ಪ್ರೀಪೇಯ್ಡ್ ಕಾರ್ಡಿನಿಂದ ಅಂಕ ಬೆಳೆಯುವುದಿಲ್ಲ. ಒಂದೇ ವಾರದಲ್ಲಿ ನಾಲ್ಕಾರು ಬ್ಯಾಂಕಿಗೆ ಅರ್ಜಿ ಹಾಕಲೂ ಬೇಡ, ಪ್ರತಿ ಅರ್ಜಿಯ ವಿಚಾರಣೆಯೂ ದಾಖಲಾಗುತ್ತದೆ.

ಕಾರ್ಡ್ ಬಳಸುವ ಬಗೆ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ ಅನ್ನಿಸುತ್ತದೆ. ಸೊಸೈಟಿಯಲ್ಲಿ ನಿಮ್ಮ ಅಪ್ಪ ತೆಗೆದ ಬೆಳೆ ಸಾಲ ನೋಡಿದ್ದೀಯಲ್ಲ? ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ದಾಟಿದರೆ ರಿಯಾಯಿತಿ ಹೋಯಿತು. ಕಾರ್ಡೂ ಹಾಗೇ. ತಿಂಗಳ ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತದೆ. ಒಂದು ಪೂರ್ತಿ ಬಾಕಿ, ಇನ್ನೊಂದು ಕನಿಷ್ಠ ಪಾವತಿ. ಈ ಕನಿಷ್ಠ ಅನ್ನುವುದು 10 ಡಾಲರ್ ಅಂತ ಪುಟ್ಟದಾಗಿ ಕಾಣುತ್ತದೆ, ಅಷ್ಟು ಕಟ್ಟಿದರೆ ಸಾಕು ಅನ್ನಿಸುತ್ತದೆ. ಉಳಿದದ್ದಕ್ಕೆ ವರ್ಷಕ್ಕೆ 20 ಪರ್ಸೆಂಟ್ ಹತ್ತಿರ ಬಡ್ಡಿ ಓಡುತ್ತಿರುತ್ತದೆ. 1,000 ಡಾಲರ್ ಬಾಕಿ ವರ್ಷ ಪೂರ್ತಿ ಹಾಗೇ ಉಳಿದರೆ ಬಡ್ಡಿಯೇ 200 ಡಾಲರ್. ಬಿಲ್ ತಯಾರಾದ ಮೇಲೆ ಕನಿಷ್ಠ 21 ದಿನ ಸಮಯ ಇರುತ್ತದೆ, ಅಷ್ಟರಲ್ಲಿ ಪೂರ್ತಿ ಕಟ್ಟು. 500ರ ಮಿತಿ ಇದ್ದರೆ 150ರೊಳಗೆ ಬಳಸು, ಬಸ್ ಪಾಸು, ದಿನಸಿ ಅಷ್ಟೇ. ಈ ಕಾರ್ಡಿನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಬೇಡ, ಅದಕ್ಕೆ ಆ ದಿನದಿಂದಲೇ ಬಡ್ಡಿ. ಕೊಯ್ಲಿನ ಸಮಯದಲ್ಲಿ ಆಳುಗಳ ಕೂಲಿಗೆ ಹಣ ಕಳಿಸು ಅಂತ ಮನೆಯಿಂದ ಫೋನ್ ಬರುತ್ತದೆ, ಆಗಲೇ ಜಾಸ್ತಿ ಜನ ಈ ಗುಂಡಿಗೆ ಬೀಳುವುದು. ಸಂಬಳದಿಂದ ಕಳಿಸು, ಕಾರ್ಡಿನಿಂದ ಬೇಡ.

ಹೊರಡುವ ಮೊದಲು ಹಾಸನದ ನಿನ್ನ ಬ್ಯಾಂಕಿಗೆ ಒಮ್ಮೆ ಹೋಗು. ಹೊರದೇಶಕ್ಕೆ ಕೆಲಸಕ್ಕೆ ಹೋಗುವವನು ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ತೋಟದ್ದೋ ಮನೆಯದ್ದೋ ನಿನ್ನ ಪಾಲಿನ ಹಣ ಅದಕ್ಕೆ ಬೀಳಬಹುದು. ಇಲ್ಲಿಂದ ಕಳಿಸಿ ಅಲ್ಲಿ ಉಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಬೇಕಾದಾಗ ವಾಪಸ್ ತರಿಸಿಕೊಳ್ಳಬಹುದು. ಮನೆ ಖರ್ಚಿಗಾದರೆ ನೇರ ಅಪ್ಪನ ಖಾತೆಗೇ ಹಾಕು. ಊರಿನ ಸಿಮ್ ಬಿಸಾಡಬೇಡ, ಬ್ಯಾಂಕಿನ ಓಟಿಪಿ ಎಲ್ಲ ಅದಕ್ಕೇ ಬರುವುದು. ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪದಂತೆ ಮನೆಯವರಿಗೆ ಹೇಳು.

ಟಿಕೆಟ್ ಆದ ಮೇಲೆ ತಾರೀಖು ತಿಳಿಸು. ಸರ್ವಿಸ್ ಕೆನಡಾ ಕಚೇರಿಗೂ ಬ್ಯಾಂಕಿಗೂ ನಾನೇ ಜತೆಗೆ ಬರುತ್ತೇನೆ. ಮಾಲೀಕರು ಸಂಬಳದ ಬಗ್ಗೆ ಬರೆದ ಮೆಸೇಜ್ ಇದ್ದರೆ ಅಳಿಸಬೇಡ.